ಬೆವರು ಆರದ ದ್ವೀಪ

ಲಂಕಾವಿಯಿಂದ ಬಂದ ಮೇಲೆ ಕಲಬುರಗಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಸಮುದ್ರದ ಬಗ್ಗೆ. ನೀರು ನೀಲಿ ಇತ್ತಾ, ಆಳ ಎಷ್ಟಿತ್ತು, ನಡುವೆ ಕೈ ಸೋತರೆ ಏನು ಗತಿ. ಸಮುದ್ರವಿಲ್ಲದ ಸೀಮೆಯವರಿಗೆ ಅದೇ ದೊಡ್ಡ ಸುದ್ದಿ. ಬಿಸಿಲಿನ ಬಗ್ಗೆ ಮಾತ್ರ ಒಬ್ಬರೂ ಕೇಳಲಿಲ್ಲ. ಮೇ ತಿಂಗಳಲ್ಲಿ 43 ಡಿಗ್ರಿ ಕಾಣುವ ಊರಿನ ಜನ, 32 ಡಿಗ್ರಿಯ ಊರಿಗೆ ಹೋಗಿ ಬಂದವಳನ್ನು ಏನಂತ ಕೇಳಿಯಾರು? ನನಗೋ ಸಮುದ್ರ ಆಗಲೇ ಮಸುಕಾಗಿದೆ. ತಿಂಗಳುಗಳು ಕಳೆದರೂ ಬಿಡದೆ ಕಾಡುತ್ತಿರುವುದು ಆ ದ್ವೀಪದ ಒಂದು ರಸ್ತೆ. ಮಧ್ಯಾಹ್ನದ ಹೊತ್ತು, ಒಂದು ಎಲೆಯೂ ಅಲ್ಲಾಡುತ್ತಿಲ್ಲ, ದುಡ್ಡು ಕೊಟ್ಟು ಓಡಲು ಬಂದ ನಾವು ಕೆಲವರನ್ನು ಬಿಟ್ಟರೆ ನರಪಿಳ್ಳೆ ಇಲ್ಲ.

ಲಂಕಾವಿ ಇರುವುದು ಮಲೇಷ್ಯಾದ ವಾಯವ್ಯ ಮೂಲೆಯಲ್ಲಿ, ಅಂಡಮಾನ್ ಸಮುದ್ರದಲ್ಲಿ, ಥಾಯ್ಲೆಂಡಿನ ಗಡಿಗೆ ಹತ್ತಿಕೊಂಡು. ಒಂದು ದೊಡ್ಡ ದ್ವೀಪ, ಸುತ್ತ ಚಿಲ್ಲರೆ ದ್ವೀಪಗಳು. ಎಲ್ಲ ಸೇರಿ 99 ಎಂದು ಅಲ್ಲಿಯವರ ಲೆಕ್ಕ. ಮೀನು ಹಿಡಿಯುವವರ, ಭತ್ತ ಬೆಳೆಯುವವರ ಈ ಜಾಗ 1987ರಲ್ಲಿ ಸುಂಕವಿಲ್ಲದ ದ್ವೀಪವಾಯಿತು. ಆಗ ಪ್ರಧಾನಿಯಾಗಿದ್ದ ಮಹಾತಿರ್ ಮೊಹಮದ್ ಹಿಂದೊಮ್ಮೆ ಇಲ್ಲಿಯೇ ಸರ್ಕಾರಿ ವೈದ್ಯರಾಗಿದ್ದವರು. ಈಗ ಹೋಟೆಲುಗಳ ಸಾಲು, ಚಾಕೊಲೇಟಿನ ಅಂಗಡಿಗಳು, ಮತ್ತು ವರ್ಷಕ್ಕೊಮ್ಮೆ ನಮ್ಮಂಥವರನ್ನು ಕರೆತರುವ ಐರನ್‌ಮ್ಯಾನ್ ಸ್ಪರ್ಧೆ. ಶುರುವಾಗಿದ್ದು 2000ದಲ್ಲಿ, ನಡುವೆ ಕೆಲವು ವರ್ಷ ನಿಂತಿತ್ತು, 2014ರಲ್ಲಿ ಮತ್ತೆ ಬಂತು. ಸಮುದ್ರದಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ ಒಂದು ಪೂರ್ತಿ ಮ್ಯಾರಥಾನ್. ಅಷ್ಟು ಆಗದವರಿಗೆ ಅದೇ ದಿನ, ಅದೇ ರಸ್ತೆಗಳಲ್ಲಿ ಇದರ ಅರ್ಧ: 1.9, 90, 21.1. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ನಾನು ಅರ್ಧದವಳು.

ನಲವತ್ತು ದಾಟಿದ ಮೇಲೆ ಹತ್ತಿದ ಹುಚ್ಚು ಇದು. ಕಾರಣ ಹೇಳಲು ಹೋದರೆ ಬೇರೆಯೇ ಲೇಖನವಾದೀತು. ಈಜು ಅಪ್ಪ ಕಲಿಸಿದ್ದು, ಊರ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ. ಸೈಕಲ್ಲು ಸೇಡಂ ರಸ್ತೆಯಲ್ಲಿ, ಬೆಳಕು ಹರಿಯುವ ಮುಂಚೆ, ಸಿಮೆಂಟ್ ಲಾರಿಗಳ ಪಕ್ಕ. ಓಟ ಕಲಬುರಗಿಯ ‘ಅಪ್ಪನ ಕೆರೆ’ಯ ಸುತ್ತ. ಇಷ್ಟರಲ್ಲಿ ಯಾವುದು ಕಷ್ಟವಾದರೂ ಬಿಸಿಲು ಮಾತ್ರ ನನಗೆ ಕಷ್ಟವಾಗುವುದಿಲ್ಲ ಎಂದು ನಾನೂ ನಂಬಿದ್ದೆ, ಕಾಲೇಜಿನ ಸಹೋದ್ಯೋಗಿಗಳೂ ನಂಬಿದ್ದರು. ಶಹಾಬಾದ್ ಫರ್ಸಿ ಕಲ್ಲಿನ ಮನೆಯಲ್ಲಿ ಹುಟ್ಟಿದವಳು. ಬೇಸಿಗೆ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುವ ಮನೆ ಅದು.

ಲಂಕಾವಿಯ ವಿಮಾನ ನಿಲ್ದಾಣದ ಬಾಗಿಲು ದಾಟಿದ್ದೇ ಕನ್ನಡಕ ಮಂಜಾಯಿತು. ಒರೆಸಿಕೊಂಡೆ, ಮತ್ತೆ ಮಂಜು. ಬಿಸಿಲೇನೂ ಜೋರಿರಲಿಲ್ಲ, ಮೋಡವಿತ್ತು. ಕೋಣೆಗೆ ಹೋಗಿ ಸ್ನಾನ ಮಾಡಿ ಟವೆಲ್ಲನ್ನು ಬಾಲ್ಕನಿಯಲ್ಲಿ ಹರವಿದೆ. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಒಗೆದ ಸೀರೆಯ ಒಂದು ತುದಿ ಹಾಕಿ ಇನ್ನೊಂದು ತುದಿ ಹಾಕುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ ಎಂದು ನಾವು ಚೇಷ್ಟೆ ಮಾಡುವುದುಂಟು. ಇಲ್ಲಿ ಮರುದಿನ ಬೆಳಿಗ್ಗೆ ಆ ಟವೆಲ್ ಹಾಕಿದಾಗ ಎಷ್ಟು ಒದ್ದೆಯಿತ್ತೋ ಅಷ್ಟೇ ಒದ್ದೆಯಿತ್ತು. ಆಮೇಲೆ ಆದದ್ದೆಲ್ಲ ಆ ಟವೆಲ್ಲಿನಲ್ಲೇ ಬರೆದಿತ್ತು.

ಊಟಕ್ಕೆ ಪಾಂತಾಯ್ ಚೆನಾಂಗ್ ಬೀದಿಯ ಒಂದು ಮಾಮಾಕ್ ಅಂಗಡಿ ಹಿಡಿದೆ. ತಮಿಳು ಮುಸ್ಲಿಮರು ನಡೆಸುವ ಇಂಥ ಹೋಟೆಲುಗಳು ಮಲೇಷ್ಯಾದ ತುಂಬ ಇವೆ. ತಡರಾತ್ರಿಯವರೆಗೂ ಹಂಚು ಆರುವುದಿಲ್ಲ. ಮೈದಾ ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ತೆಳ್ಳಗೆ ಮಾಡಿ, ಮಡಚಿ, ತುಪ್ಪದಂಥದ್ದೇನೋ ಹಾಕಿ ಬೇಯಿಸುವ ರೋಟಿ ಚನಾಯ್. ಎರಡು ಲೋಟಗಳ ನಡುವೆ ಮಾರುದ್ದ ಎಳೆದು ನೊರೆ ಬರಿಸುವ ತೇ ತಾರಿಕ್ ಚಹಾ. ರೋಟಿಯ ಜೊತೆ ಬರುವ ಬೇಳೆಸಾರನ್ನು ಮಾತ್ರ ನಾನು ಮನಸಾರೆ ಮೆಚ್ಚಲಾರೆ. ತೊಗರಿಗೆ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಜಿಲ್ಲೆಯಿಂದ ಹೋದವಳಿಗೆ ಆ ತೆಳ್ಳನೆಯ ತಿಳಿ ಬೇಳೆ ಎಂಬ ಹೆಸರಿಗೇ ಅವಮಾನ. ಆದರೂ ದಿನಾ ಅದನ್ನೇ ತಿಂದೆ. ಸಸ್ಯಾಹಾರಿಗೆ ಅದು ಮತ್ತು ಬಾಳೆಹಣ್ಣಿನ ಬಜ್ಜಿ ಬಿಟ್ಟರೆ ಹೆಚ್ಚಿನ ದಾರಿಗಳಿರಲಿಲ್ಲ.

ಬಡಿಸುವ ಹುಡುಗ ಬಾಂಗ್ಲಾದೇಶದವನು, ಖುಲ್ನಾ ಕಡೆಯವನು. ನನ್ನ ಕಲಬುರಗಿಯ ದಖನಿಗೂ ಅವನು ಸಿನಿಮಾ ನೋಡಿ ಕಲಿತ ಹಿಂದಿಗೂ ಹೇಗೋ ಹೊಂದಿಕೆಯಾಯಿತು. ಕೈಗೆ ಕಟ್ಟಿದ ಸ್ಪರ್ಧೆಯ ಪಟ್ಟಿ ನೋಡಿ ಕೇಳಿದ, ‘ಗೆದ್ದರೆ ಎಷ್ಟು ಕೊಡ್ತಾರೆ, ದೀದಿ?’ ನನ್ನಂಥವರು ಗೆಲ್ಲುವುದಿಲ್ಲ, ನಾವೇ ದುಡ್ಡು ಕಟ್ಟಿ ಬರುತ್ತೇವೆ ಎಂದೆ. ಎಷ್ಟು ಎಂದು ಕೇಳಿದ. ಹೇಳಿದೆ. ಅವನು ನಗಲಿಲ್ಲ, ಆಶ್ಚರ್ಯವನ್ನೂ ತೋರಲಿಲ್ಲ. ಮನಸ್ಸಿನಲ್ಲಿ ಏನೋ ಭಾಗಾಕಾರ ಮಾಡಿದ್ದು ಕಣ್ಣಿನಲ್ಲಿ ಕಾಣಿಸಿತು. ‘ಇನ್ನೊಂದು ರೋಟಿ ತರಲಾ?’ ಎಂದು ಕೇಳಿ ಹೋದ.

ಸ್ಪರ್ಧೆಯ ಮುನ್ನಾದಿನ ಕಾಲಿಗೆ ವಿಶ್ರಾಂತಿ ಕೊಡಬೇಕು ಎನ್ನುತ್ತಾರೆ. ಆ ನೆಪದಲ್ಲಿ ಮಹ್ಸುರಿಯ ಸಮಾಧಿಗೆ ಹೋಗಿಬಂದೆ. ಗಂಡ ಯುದ್ಧಕ್ಕೆ ಹೋಗಿದ್ದಾಗ ಹಾದರದ ಸುಳ್ಳು ಆರೋಪ ಹೊರಿಸಿ ಮರಕ್ಕೆ ಕಟ್ಟಿ ಇರಿದು ಕೊಂದ ಹೆಣ್ಣುಮಗಳು ಆಕೆ. ಬಿಳಿಯ ರಕ್ತ ಹರಿಯಿತಂತೆ, ಏಳು ತಲೆಮಾರು ಈ ದ್ವೀಪ ಉದ್ಧಾರವಾಗದಿರಲಿ ಎಂದು ಶಪಿಸಿದಳಂತೆ. ಅದರ ಬೆನ್ನಿಗೇ ಸಯಾಮಿನ ಸೈನ್ಯ ಬಂತು. ವೈರಿಗೆ ಒಂದು ಕಾಳೂ ಸಿಗದಿರಲಿ ಎಂದು ದ್ವೀಪದವರು ತಮ್ಮ ಅಕ್ಕಿಯ ಕಣಜಕ್ಕೆ ತಾವೇ ಬೆಂಕಿಯಿಟ್ಟರು. ಪಡಾಂಗ್ ಮಾತ್ಸಿರಾತಿನಲ್ಲಿ ಆ ಜಾಗ ಇದೆ. ಜೋರು ಮಳೆಯಾದರೆ ಸುಟ್ಟ ಅಕ್ಕಿಕಾಳು ಇವತ್ತಿಗೂ ಮೇಲೆ ಬರುತ್ತದೆ ಎನ್ನುತ್ತಾರೆ. ನನಗೆ ಕಾಳು ಕಾಣಲಿಲ್ಲ. ಪಕ್ಕದ ಗದ್ದೆಯಲ್ಲಿ ಎಮ್ಮೆಗಳು ಕುತ್ತಿಗೆಯವರೆಗೆ ಕೆಸರಿನಲ್ಲಿ ಮುಳುಗಿ ಕಣ್ಣು ಮುಚ್ಚಿದ್ದವು. ಆ ದ್ವೀಪದಲ್ಲಿ ಸೆಕೆಯ ಬಗ್ಗೆ ಸರಿಯಾದ ತಿಳಿವಳಿಕೆ ಇದ್ದ ಜೀವಿಗಳು ಅವೇ ಎಂದು ಈಗ ಅನ್ನಿಸುತ್ತದೆ.

ಈಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಂಥ ಹವ್ಯಾಸಿಗಳಿಗೆ ನೀರು 24.5 ಡಿಗ್ರಿಗಿಂತ ಬಿಸಿಯಿದ್ದರೆ ರಬ್ಬರಿನ ಈಜುಡುಗೆಗೆ ಅನುಮತಿ ಇಲ್ಲ. ಅಲ್ಲಿಯ ಸಮುದ್ರ ಆ ಗಡಿಯನ್ನು ಎಂದೋ ದಾಟಿದ್ದು, ಸ್ನಾನಕ್ಕೆ ಹದವಾಗಿ ಕಾಸಿಟ್ಟ ನೀರು. ಪಾಂತಾಯ್ ಕೊಕ್ ತೀರದಲ್ಲಿ ಸೂರ್ಯ ಮೂಡುತ್ತಿದ್ದಾಗ ಇಳಿದೆವು. ಮಲೇಷ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಏಳು ಗಂಟೆ ದಾಟಿದರೂ ಸೂರ್ಯನಿಗೆ ಅವಸರವಿಲ್ಲ. ಭುಜಕ್ಕೆ ಅಂಬಲಿ ಮೀನೊಂದು ಸವರಿಹೋಗಿ ಉರಿ ಎಬ್ಬಿಸಿತು. ಬಾವಿಯಲ್ಲಿ ಕಲಿತ ಈಜಿಗೆ ದಂಡೆ ಕಾಣದಿದ್ದರೆ ದಿಗಿಲು, ಹಾಗಾಗಿ ಮತ್ತೆ ಮತ್ತೆ ತಲೆಯೆತ್ತಿ ನೋಡುತ್ತಾ ಮುಗಿಸಿದೆ. ದಡಕ್ಕೆ ಬಂದಾಗ ಮೈಯೆಲ್ಲ ಉಪ್ಪು, ಬಾಯಲ್ಲೂ ಉಪ್ಪು.

ಸೈಕಲ್ಲಿನ ಮೂರು-ನಾಲ್ಕು ತಾಸು ಮಾತ್ರ ಆ ದ್ವೀಪ ನನಗೆ ತನ್ನ ಚೆಲುವನ್ನು ತೋರಿಸಿದ ಹೊತ್ತು. ಎಡಕ್ಕೆ ಮಾಚಿಂಚಾಂಗ್ ಬೆಟ್ಟ, ಐವತ್ತು ಕೋಟಿ ವರ್ಷಕ್ಕೂ ಹಳೆಯ ಮರಳುಗಲ್ಲು. ಇಂಥ ಕಲ್ಲುಗಳ ದೆಸೆಯಿಂದಲೇ 2007ರಲ್ಲಿ ಯುನೆಸ್ಕೋದವರು ಲಂಕಾವಿಯನ್ನು ಭೂವಿಜ್ಞಾನದ ಉದ್ಯಾನವೆಂದು ಗುರುತಿಸಿದ್ದು. ಕಲ್ಲು ಎಂದರೆ ಕೆಂಡ ಎಂದು ತಿಳಿದ ನನ್ನ ಕಣ್ಣಿಗೆ ತುದಿಯವರೆಗೆ ಹಸಿರು ಹೊದ್ದ ಕಲ್ಲು ಹೊಸದು. ರಬ್ಬರ್ ತೋಟದ ನೆರಳು, ಆಮೇಲೆ ಬಟಾಬಯಲು ಗದ್ದೆ, ಕಂಬಗಳ ಮೇಲೆ ನಿಂತ ಮರದ ಮನೆಗಳು, ರಸ್ತೆ ದಾಟಲು ಕುಟುಂಬ ಸಮೇತ ಕಾದು ಕೂತ ಮಂಗಗಳು. ಹಳ್ಳಿಗಳಲ್ಲಿ ಮಕ್ಕಳು ಸಾಲಾಗಿ ನಿಂತು ‘ಬೊಲೆ! ಬೊಲೆ!’ ಎಂದು ಕೂಗುತ್ತಿದ್ದರು. ಆಗುತ್ತೆ, ಆಗುತ್ತೆ ಎಂದು. ಏರುಗಳಲ್ಲಿ ಆಗುತ್ತಿರಲಿಲ್ಲ, ಆದರೆ ಮಕ್ಕಳ ಮುಂದೆ ಇಳಿದು ತಳ್ಳಿಕೊಂಡು ಹೋಗುವುದು ಹೇಗೆ? ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಎಷ್ಟು ಬೆವರಿದರೂ ಮೈ ತಂಪೇ. ಸೈಕಲ್ಲಿನ ಮೇಲೆ ಆ ಗಾಳಿಯನ್ನು ನಾವೇ ಹುಟ್ಟಿಸಿಕೊಂಡಿರುತ್ತೇವೆ ಎಂಬುದು ಇಳಿದಾಗಲೇ ಗೊತ್ತಾಗುವುದು.

ಇಳಿದೆ. ಬೂಟು ಬದಲಿಸಿದೆ. ಹೊರಗೆ ಕಾಲಿಟ್ಟೆ. ಗಾಳಿ ಇಲ್ಲ. ಎದುರಿನ ತೆಂಗಿನ ಗರಿಗಳು ಚಿತ್ರದಲ್ಲಿ ಬರೆದು ಇಟ್ಟವು. ಹತ್ತು ನಿಮಿಷದಲ್ಲಿ ಬೂಟಿನೊಳಗೆ ಬೆವರು ತುಂಬಿ ಹೆಜ್ಜೆಗೊಮ್ಮೆ ಚಪ್ ಚಪ್ ಎಂದು ಸದ್ದು ಬರತೊಡಗಿತು. ಮೊಣಕೈಯಿಂದ, ಗದ್ದದಿಂದ, ಕಿವಿಯ ತುದಿಯಿಂದ ಹನಿ ಹನಿ ನೆಲಕ್ಕೆ. ಕಲಬುರಗಿಯಲ್ಲಿ ನಾನು ನನ್ನ ಬೆವರನ್ನು ಕಂಡದ್ದೇ ಅಪರೂಪ. ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗ ಓಹೋ ಬೆವರಿದ್ದೆ ಎಂದು ಗೊತ್ತಾಗುವುದು. ಇಲ್ಲಿ ಬೆವರು ನದಿಯಾಗಿ ಹರಿಯುತ್ತಿದೆ, ಆದರೆ ಒಂದು ಹನಿಯೂ ಆರುತ್ತಿಲ್ಲ. ಆರದ ಬೆವರಿನಿಂದ ಮೈಗೆ ಮೂರು ಕಾಸಿನ ಪ್ರಯೋಜನವಿಲ್ಲ. ಮಣ್ಣಿನ ಕೊಡದ ನೀರು ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ, ಅದೇ ಕೊಡವನ್ನು ಆಷಾಢದ ಮಂಗಳೂರಿಗೆ ಒಯ್ದಿಟ್ಟರೆ ನೀರು ಇದ್ದಂತೆಯೇ ಇರುತ್ತದೆ. ಮೈಯ ಕತೆಯೂ ಅದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ನೆಲಕ್ಕೆ ಬಿದ್ದರೆ ಏನನ್ನೂ ಒಯ್ಯುವುದಿಲ್ಲ. ಇತ್ತ ಓಡುವ ಸ್ನಾಯುಗಳು ಉಣ್ಣುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಶಾಖವಾಗುತ್ತಿರುತ್ತದೆ. ಒಲೆ ಒಳಗೆ, ಹೊಗೆಗಿಂಡಿ ಮುಚ್ಚಿದೆ.

ಬಿಸಿಲು ಕೂಡ ಬೇಕಿಲ್ಲ ಈ ಕೇಡಿಗೆ. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿಯಲ್ಲಿ ಓಡಿಸಿದರು. ಜಗತ್ತಿನ ಅತಿ ಗಟ್ಟಿ ಓಟಗಾರ್ತಿಯರು 68 ಮಂದಿ ಹೊರಟರು. 28 ಮಂದಿ ದಾರಿಯಲ್ಲೇ ಬಿಟ್ಟರು. ಸೂರ್ಯ ಇರಲಿಲ್ಲ, ತೇವ ಇತ್ತು. ಈ ಸಂಗತಿಯನ್ನು ನಾನು ಓದಿದ್ದೆ, ವಿದ್ಯಾರ್ಥಿಗಳಿಗೆ ಹೇಳಿದ್ದೂ ಇದೆ. ಓದಿದ್ದು ಬೂಟಿನೊಳಗೆ ಚಪ್ ಚಪ್ ಎನ್ನತೊಡಗಿದ್ದು ಆ ದಿನವೇ.

ಇನ್ನೊಂದು ತಮಾಷೆ. ಪೂರ್ತಿ ಐರನ್‌ಮ್ಯಾನ್ ಮಾಡುವ ಗಟ್ಟಿಗರು ಸೈಕಲ್ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿರುತ್ತದೆ, ಹಲವರ ಓಟದ ಬಹುಪಾಲು ಸಂಜೆ ಮತ್ತು ರಾತ್ರಿಯ ಪಾಲಿಗೆ. ಅರ್ಧ ಮಾಡುವ ನಾವು ಓಟಕ್ಕೆ ಇಳಿಯುವುದು ಸರಿಯಾಗಿ ನಡುಮಧ್ಯಾಹ್ನ. ಕಡಿಮೆ ದೂರ ಆರಿಸಿಕೊಂಡವರಿಗೆ ಪೂರ್ತಿ ಸೆಕೆ ಬಹುಮಾನ.

ಓಟದ ಸುತ್ತುದಾರಿಯ ನಡುವೆ ಕಟ್ಟುತ್ತಿದ್ದ ಹೋಟೆಲೊಂದು ಇತ್ತು. ಮೊದಲ ಸಲ ಹಾಯ್ದಾಗ ಎಂಟು-ಹತ್ತು ಜನ ಕಬ್ಬಿಣದ ಸರಳು ಕಟ್ಟುತ್ತಿದ್ದರು. ಉದ್ದ ತೋಳಿನ ಅಂಗಿ, ಮುಖಕ್ಕೆ ಸುತ್ತಿದ ಬಟ್ಟೆ, ಕಣ್ಣು ಮಾತ್ರ ಕಾಣುತ್ತಿತ್ತು. ಯಾರೂ ನಮ್ಮತ್ತ ತಿರುಗಲಿಲ್ಲ. ನಾನು ಟೋಪಿಯೊಳಗೆ ಐಸ್ ತುಂಬಿಕೊಂಡು, ಎದೆಯ ಬಳಿ ಅಂಗಿಯೊಳಗೂ ಒಂದು ಹಿಡಿ ಸುರಿದುಕೊಂಡು ಓಡುತ್ತಿದ್ದೆ. ಪ್ರತಿ ಎರಡು ಕಿಲೋಮೀಟರಿಗೋ ಏನೋ ಒಂದು ಡೇರೆ. ಶಾಲೆಯ ಹುಡುಗಿಯರು ತಲೆವಸ್ತ್ರ ಸುತ್ತಿಕೊಂಡು, ಬಕೆಟ್ಟಿನಿಂದ ಬೊಗಸೆ ಬೊಗಸೆ ಐಸ್ ಎತ್ತಿ ಕೊಡುತ್ತಿದ್ದರು. ಒದ್ದೆ ಸ್ಪಂಜು, ಕಲ್ಲಂಗಡಿ, ಕೋಲಾ, ಉಪ್ಪು ಬೆರೆಸಿದ ಪಾನೀಯ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಅದೇ ಜೀವಕ್ಕೆ ಕುತ್ತು ತರಬಹುದು, ಆದ್ದರಿಂದ ಉಪ್ಪು ಬೇಕೇ ಬೇಕು. ನಮ್ಮ ಕಡೆ ಹೊಲದಿಂದ ಬಂದವರಿಗೆ ಮೊದಲು ನೀರು ಕೊಡದೆ ಉಪ್ಪು ಹಾಕಿದ ಮಜ್ಜಿಗೆ ಕೊಡುವ ಅವ್ವಂದಿರಿಗೆ ಇದನ್ನು ಯಾವ ಪ್ರಯೋಗಾಲಯವೂ ಹೇಳಿಕೊಟ್ಟಿರಲಿಲ್ಲ.

ಏಳೆಂಟು ಕಿಲೋಮೀಟರ್ ಆದ ಮೇಲೆ ಓಡುವುದು ನಿಂತಿತು. ನಡೆಯುತ್ತಿದ್ದೆ. ಪಕ್ಕದಲ್ಲಿ ಇನ್ನೊಬ್ಬಳು ನಡೆಯುತ್ತಿದ್ದಳು, ಮಲೇಷ್ಯಾದ ಅಲೋರ್ ಸೆತಾರ್ ಊರಿನವಳು, ನನ್ನದೇ ವಯಸ್ಸು. ಮಣಿಕಟ್ಟಿನವರೆಗೆ ತೋಳು, ಪಾದದವರೆಗೆ ಕಾಲು, ತಲೆಗೆ ಬಿಗಿಯಾಗಿ ವಸ್ತ್ರ. ಇಷ್ಟು ಬಟ್ಟೆಯಲ್ಲಿ ಸೆಕೆಯಾಗುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. ನಕ್ಕಳು. ಡೇರೆ ಬಂದಾಗಲೆಲ್ಲ ಅವಳು ಐಸ್‌ನೀರನ್ನು ತಲೆಯಿಂದ ಸುರಿದುಕೊಂಡು ಬಟ್ಟೆಯನ್ನು ಪೂರ್ತಿ ನೆನೆಸುತ್ತಿದ್ದಳು. ‘ನಿನ್ನ ಚರ್ಮ ಬಿಸಿಲಿಗೆ ಒಡ್ಡಿಕೊಂಡಿದೆ, ನನ್ನದು ಒದ್ದೆ ಬಟ್ಟೆಯ ನೆರಳಿನಲ್ಲಿದೆ’ ಎಂದಳು. ನಮ್ಮ ಹೊಲಗಳಲ್ಲಿ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಕಳೆ ತೆಗೆಯುವ ಹೆಂಗಸರು ನೆನಪಾದರು. ಅವಳಿಗೆ ಅದನ್ನು ಹೇಳಿದೆ. ‘ಅವರಿಗೆ ಐಸ್ ಯಾರು ಕೊಡ್ತಾರೆ?’ ಎಂದು ಕೇಳಿದಳು. ತುಂಬ ಸಹಜವಾಗಿ, ವ್ಯಂಗ್ಯವಿಲ್ಲದೆ ಕೇಳಿದ್ದು. ಅಷ್ಟರಲ್ಲಿ ಒಂದು ಮನೆಯ ಮುಂದೆ ಅಜ್ಜಿಯೊಬ್ಬಳು ಗಿಡಕ್ಕೆ ಬಿಡುವ ಪೈಪ್ ಹಿಡಿದು ಹೋಗುವವರಿಗೆಲ್ಲ ನೀರು ಚಿಮುಕಿಸುತ್ತಿದ್ದಳು. ನಾವಿಬ್ಬರೂ ಅಲ್ಲಿ ಸರತಿಯಲ್ಲಿ ನಿಂತೆವು, ಉತ್ತರ ಹೇಳುವುದು ತಪ್ಪಿತು.

ಎರಡನೆಯ ಸಲ ಆ ಕಟ್ಟಡದ ಹತ್ತಿರ ಬಂದಾಗ ಕೆಲಸ ನಿಂತಿತ್ತು. ಸರಳುಗಳು ಅರ್ಧ ಕಟ್ಟಿದಂತೆಯೇ ಬಿದ್ದಿದ್ದವು. ಅವರೆಲ್ಲ ತಗಡಿನ ಮಾಡಿನ ಕೆಳಗೆ ಬನಿಯನ್ನಿನಲ್ಲಿ ಕೂತಿದ್ದರು, ಕೆಲವರು ಅಂಗಾತ ಮಲಗಿದ್ದರು. ಬೀದಿಯಲ್ಲಿ ಅಂಗಡಿಗಳ ಬಾಗಿಲು ಅರ್ಧ ಮುಚ್ಚಿವೆ, ನಾಯಿಗಳು ಚರಂಡಿಯ ತೇವದಲ್ಲಿ, ಅಜ್ಜಿಯೂ ಒಳಗೆ ಹೋಗಿದ್ದಾಳೆ. ಬೇರೆ ದಾರಿಯೇ ಇಲ್ಲದ ಕೂಲಿಯವರು ಕೂಡ ಬಿಸಿಲಿನಿಂದ ಸರಿದ ಮೇಲೆ, ಬೇಕಾದಷ್ಟು ದಾರಿಗಳಿರುವ ನಾವು ಎಷ್ಟೋ ದೇಶಗಳಿಂದ ವಿಮಾನದಲ್ಲಿ ಬಂದು ಅದರ ನಡುವೆ ನಿಂತಿದ್ದೆವು. ಬಿಸಿಲ ಸೀಮೆಯವಳು ಎಂದು ನಾನು ಬೀಗುತ್ತಿದ್ದೆನಲ್ಲ, ನಮ್ಮ ಸೀಮೆಯವರು ಬಿಸಿಲಿನಲ್ಲಿ ಓಡಿದ್ದನ್ನು ನಾನು ಎಂದಾದರೂ ಕಂಡಿದ್ದೇನೆಯೇ? ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ರೈತರು ನಸುಕಿನಲ್ಲಿ ಹೋಗಿ ಹತ್ತಕ್ಕೆ ಬೇವಿನ ಮರ ಸೇರುತ್ತಾರೆ. ನಡೆದರೆ ಗೋಡೆಯ ನೆರಳು ಹಿಡಿದು, ಮಾತಾಡಿದರೆ ಅರ್ಧ ಮಾತು. ನಮ್ಮವರ ಬಿಸಿಲ ವಿದ್ಯೆ ಎಂದರೆ ನಿಧಾನ. ಅದನ್ನು ಬಾಲ್ಯದಿಂದ ನೋಡಿ ಬೆಳೆದವಳು ಅದರ ತದ್ವಿರುದ್ಧದ ಕೆಲಸಕ್ಕೆ ಅದೇ ಹುಟ್ಟನ್ನು ಅರ್ಹತೆ ಎಂದು ತಿಳಿದಿದ್ದೆ. ಆಮೇಲಿನ ದಾರಿಯನ್ನು ನಮ್ಮೂರ ಹೆಂಗಸರ ನಡಿಗೆಯಲ್ಲೇ ಸಾಗಿಸಿದೆ, ಮರದ ನೆರಳಿನಿಂದ ಮರದ ನೆರಳಿಗೆ. ಗಡಿಯಾರ ನೋಡುವುದನ್ನು ಬಿಟ್ಟ ಮೇಲೆ ತಲೆನೋವು ಇಳಿಯಿತು.

ಮುಂದಿನ ಡೇರೆಗೆ ಇನ್ನೂರು ಹೆಜ್ಜೆ ಇರುವಾಗ ನಮ್ಮ ಮುಂದಿದ್ದ ಎಳೆಯ ಹುಡುಗನೊಬ್ಬ ಓಲಾಡತೊಡಗಿದ. ರಸ್ತೆಯ ಆಚೆಗೆ ಹೋದ, ಈಚೆಗೆ ಬಂದ, ನಮ್ಮತ್ತ ತಿರುಗಿ ಏನೋ ಕೇಳಿದ. ಯಾವ ಭಾಷೆಯೂ ಅಲ್ಲದ ಮಾತು. ಅಲೋರ್ ಸೆತಾರಿನವಳು ಅವನ ತೋಳು ಹಿಡಿಯುವಷ್ಟರಲ್ಲಿ ಕುಸಿದ. ಡೇರೆಯಿಂದ ಜನ ಓಡಿಬಂದರು. ಆಂಬುಲೆನ್ಸ್ ಅಲ್ಲಿಯೇ ನಿಂತಿತ್ತು, ಆದರೆ ಅವನನ್ನು ಅದರೊಳಗೆ ಹಾಕಲಿಲ್ಲ. ಮಕ್ಕಳು ಆಡುವ, ಗಾಳಿ ತುಂಬಿದ ಪ್ಲಾಸ್ಟಿಕ್ಕಿನ ತೊಟ್ಟಿಯೊಂದು ನೆರಳಲ್ಲಿ ಸಿದ್ಧವಿತ್ತು, ನೀರು ತುಂಬಿ. ಅವನನ್ನು ಕುತ್ತಿಗೆಯವರೆಗೆ ಅದರಲ್ಲಿ ಕೂರಿಸಿದರು. ಹುಡುಗಿಯರು ನಮಗೆ ಹಂಚುತ್ತಿದ್ದ ಐಸಿನ ಬಕೆಟ್ಟುಗಳನ್ನೆಲ್ಲ ತಂದು ಅದಕ್ಕೆ ಸುರಿದರು. ಒಬ್ಬರು ತಲೆ ಹಿಡಿದರು, ಒಬ್ಬರು ನೀರು ಕದಡುತ್ತಿದ್ದರು. ಇಪ್ಪತ್ತು ನಿಮಿಷದ ಹತ್ತಿರವಾಯಿತು ಅನ್ನಿಸುತ್ತದೆ, ಅವನು ಕಣ್ಣು ತೆರೆದು ತನ್ನ ಹೆಸರು ಹೇಳಿದ. ಆಮೇಲೆ ಆಂಬುಲೆನ್ಸ್.

ಡೇರೆಯಲ್ಲಿದ್ದ ವೈದ್ಯೆ ಹೇಳಿದ್ದು ಇಷ್ಟೇ: ಮೊದಲು ತಣ್ಣಗೆ ಮಾಡು, ಆಮೇಲೆ ಆಸ್ಪತ್ರೆಗೆ ಒಯ್ಯಿ. ಮೈಯ ಒಳಬಿಸಿ 40 ಡಿಗ್ರಿ ದಾಟಿ ಮನುಷ್ಯ ತೊದಲತೊಡಗಿದರೆ ಮುಂದಿನ ಅರ್ಧ ಗಂಟೆಯೊಳಗೆ ಆ ಬಿಸಿ ಇಳಿಯಬೇಕು. ಆ ಅರ್ಧ ಗಂಟೆ ರಸ್ತೆಯಲ್ಲಿ ಕಳೆದರೆ ಮಿದುಳು, ಯಕೃತ್ತು, ಮೂತ್ರಪಿಂಡ ಒಂದೊಂದಾಗಿ ಕೈಬಿಡುತ್ತವೆ.

ಅದನ್ನು ಕೇಳಿ ಹಳೆಯದೊಂದು ದಿನ ನೆನಪಾಯಿತು. ಅಪ್ಪನ ಅಡತಿ ಅಂಗಡಿ ಕಲಬುರಗಿಯ ಗಂಜ್ ಪೇಟೆಯಲ್ಲಿತ್ತು. ನಾನು ಹೈಸ್ಕೂಲಿನಲ್ಲಿದ್ದೆ, ರಜೆಯಲ್ಲಿ ಬುತ್ತಿ ಕೊಡಲು ಹೋಗಿದ್ದೆ. ಲಾರಿಗೆ ತೊಗರಿ ಚೀಲ ಏರಿಸುತ್ತಿದ್ದ ಹಮಾಲನೊಬ್ಬ ಹಲಗೆಯ ಮೇಲೆ ನಿಂತು ಏನೇನೋ ಒದರಿದ. ಕುಡಿದಿದ್ದಾನೆ ಎಂದು ಯಾರೋ ಬೈದರು. ಆಮೇಲೆ ಬಿದ್ದ. ಬಿಸಿಲು ಬಡಿದಿದೆ ಎಂದು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಆಟೋ ತರಿಸಿದರು, ನಾಲ್ಕು ಜನ ಅವನನ್ನು ಒತ್ತಿಕೊಂಡು ಕೂತರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಅವಸರ ಮಾಡಿದರು. ರೈಲ್ವೆ ಗೇಟ್ ಬಿದ್ದಿತ್ತು. ಅಂಗಡಿಯ ಹಿಂದೆ ದನಗಳಿಗೆಂದು ಇಟ್ಟ ಕಲ್ಲಿನ ದೋಣಿಯಲ್ಲಿ ನೀರು ತುಂಬಿತ್ತು. ಅವನು ಬಿದ್ದ ಜಾಗದಿಂದ ಅದಕ್ಕೆ ಎಷ್ಟು ದೂರ ಎಂದು ಲಂಕಾವಿಯ ಆ ತೊಟ್ಟಿಯ ಮುಂದೆ ನಿಂತು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಮೂವತ್ತು ಹೆಜ್ಜೆ ಇದ್ದೀತು. ಅವನು ಮೂರನೆಯ ದಿನ ಹೋದ.

ಸ್ಪರ್ಧೆ ಮುಗಿಸಿದೆ, ಸಮಯದೊಳಗೇ. ಕೊರಳಿಗೆ ಪದಕ ಹಾಕಿದರು. ಅಲೋರ್ ಸೆತಾರಿನವಳು ನನಗಿಂತ ಮುಂಚೆ ಮುಗಿಸಿ ಕಾಯುತ್ತಿದ್ದಳು, ತಬ್ಬಿಕೊಂಡೆವು, ಇಬ್ಬರ ಬಟ್ಟೆಯಿಂದಲೂ ನೀರು ಸುರಿಯಿತು.

ರಾತ್ರಿ ಮಾಮಾಕ್ ಅಂಗಡಿಗೆ ಹೋದಾಗ ದೊಡ್ಡ ಮೇಜಿನ ಸುತ್ತ ಏಳೆಂಟು ಜನ ಕೂತಿದ್ದರು. ನಮ್ಮ ಖುಲ್ನಾದ ಹುಡುಗ ನನ್ನನ್ನು ತೋರಿಸಿ ಅವರಿಗೆ ಏನೋ ಹೇಳಿದ. ಅವರಲ್ಲಿ ಹಿರಿಯನೊಬ್ಬ ಎದ್ದು ಬಂದು, ‘ಮಧ್ಯಾಹ್ನ ನಮ್ಮ ಸೈಟಿನ ಮುಂದೆ ನಡೆಯುತ್ತಿದ್ದವರು ನೀವೇ ಅಲ್ಲವೇ?’ ಎಂದು ಕೇಳಿದ. ಮುಖಕ್ಕೆ ಬಟ್ಟೆ ಇಲ್ಲದ ಅವನನ್ನು ನಾನು ಗುರುತಿಸುವ ಮಾತೇ ಇರಲಿಲ್ಲ. ನಾನು ನಡೆದದ್ದು ಜಾಣತನ ಎಂದು ಹೊಗಳಿದ. ದಿನವಿಡೀ ನನಗೆ ಸಿಕ್ಕ ಹೊಗಳಿಕೆಯಲ್ಲಿ ನಾನು ನಂಬಿದ್ದು ಅದೊಂದನ್ನೇ. ಅವನೂ ಮೊದಲ ವರ್ಷ ಸರಳಿನ ಮೇಲೇ ಬಿದ್ದಿದ್ದನಂತೆ. ಈಗ ಅವರು ಬಿಸಿಲು ನೋಡುವುದಿಲ್ಲ, ಗಾಳಿ ನೋಡುತ್ತಾರೆ. ಕಂಬಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿರುತ್ತಾರೆ, ಅದು ಆಡುತ್ತಿರುವಷ್ಟು ಹೊತ್ತು ಕೆಲಸ. ಅದು ಜೋತುಬಿದ್ದರೆ ಮೋಡವಿದ್ದರೂ ಕೆಳಗಿಳಿಯುತ್ತಾರೆ. ‘ಮೇಸ್ತ್ರಿ ಒಪ್ಪುತ್ತಾನಾ?’ ಎಂದೆ. ‘ಒಪ್ಪಲಿಲ್ಲ. ಇಬ್ಬರು ಬಿದ್ದ ಮೇಲೆ ಒಪ್ಪಿದ.’ ತೇ ತಾರಿಕ್ ತರಿಸಿದೆ, ದುಡ್ಡು ಕೊಡಲು ಹೋದರೆ ಅವರು ಬಿಡಲಿಲ್ಲ. ಆ ಚಹಾದ ಋಣ ಇನ್ನೂ ಇದೆ.

ಈಗ ಏಪ್ರಿಲ್. ಗಂಜಿನ ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಾನೆ. ಮೊನ್ನೆ ಹೋದಾಗ ಅಂಗಡಿಯ ಮುಂದಿನ ನೆರಳಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ ನೀರು ತುಂಬಿ ಇಡೋಣ, ಪಕ್ಕದ ಸೋಡಾ ಅಂಗಡಿಯವನಿಗೆ ಹೇಳಿ ದಿನಾ ಒಂದು ಐಸ್ ಗಡ್ಡೆ ಇರಿಸಿಕೊಳ್ಳೋಣ ಎಂದೆ. ನಮ್ಮ ಒಣ ಹವೆಯಲ್ಲಿ ಐಸ್ ಸಿಗದಿದ್ದರೂ ಮೈ ತೋಯಿಸಿ ಗಾಳಿ ಬೀಸಿದರೆ ಸಾಕಷ್ಟು ಇಳಿಯುತ್ತದೆ. ಆ ಮಟ್ಟಿಗೆ ನಮ್ಮ ಊರಿನ ಸೆಕೆ ಲಂಕಾವಿಯ ಸೆಕೆಗಿಂತ ದಯೆಯುಳ್ಳದ್ದು. ತಮ್ಮ ಮಾತಾಡಲಿಲ್ಲ. ನಲ್ಲಿಯ ನೀರು ಯಾವಾಗ ಬರುತ್ತದೆ ಎಂಬ ಲೆಕ್ಕ ಅವನ ಮುಖದ ಮೇಲಿತ್ತು. ಚೀಲಗಳ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ ಹಿರಿಯ ಹಮಾಲ, ಅಪ್ಪನ ಕಾಲದಿಂದ ಇರುವವನು, ಕೇಳಿಸಿಕೊಳ್ಳುತ್ತಿದ್ದ.

‘ಅಕ್ಕೋರ, ಅಷ್ಟ್ ದೂರ ಹೋಗಿ ಬಿಸಲಾಗ ಓಡಿ ಬಂದ್ರಿ ಅಂತಲ್ರಿ. ಎಷ್ಟ್ ಕೊಟ್ರು?’

‘ನಾನ ಕೊಟ್ಟ ಹೋಗಿದ್ದೆ, ಕಾಕಾ.’

ಅವನು ಬೀಡಿ ಬಾಯಿಂದ ತೆಗೆದು ಉಳಿದವರತ್ತ ತಿರುಗಿದ. ‘ಕೇಳ್ರೆಪಾ. ಅಕ್ಕೋರು ರೊಕ್ಕಾ ಕೊಟ್ಟ ಓಡ್ಯಾರ. ಇಲ್ಲೇ ನಮ್ ಸಂಗಟ ನಾಕ್ ಚೀಲಾ ಹೊತ್ತಿದ್ರ ನಾವೇ ಚಾ ಕುಡಸ್ತಿದ್ವಿ.’ ಎಲ್ಲರೂ ನಕ್ಕರು, ತಮ್ಮನೂ ನಕ್ಕ. ನಗು ನಿಂತ ಮೇಲೆ ಮುದುಕ ನನ್ನನ್ನು ಬಿಟ್ಟು ತಮ್ಮನನ್ನೇ ನೋಡುತ್ತಾ ಕೇಳಿದ, ‘ತೊಟ್ಟಿ ಯಾವಾಗ ತರ್ಸ್ತೀರಿ, ಸಾವ್ಕಾರ? ಮೇ ಬರೂದ್ರಾಗ ಬೇಕ ನೋಡ್ರಿ.’